ಮುಂದೆ ಹೋಗದ ಸೈಕಲ್

ಕಳೆದ ಬೇಸಿಗೆಯಿಂದ ಮೊಣಕಾಲು ನೋವಿಗೆ ನಾನು ಕೂತು ಪಾಠ ಮಾಡತೊಡಗಿದ್ದೆ. ಮಣಿಪಾಲದ ನಮ್ಮ ಕಾಲೇಜಿನಲ್ಲಿ ಅದು ತಪ್ಪೇನೂ ಅಲ್ಲ. ಆದರೆ ಕೂತರೆ ನನಗೆ ಮಾತು ಹೊಳೆಯುವುದಿಲ್ಲ. ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆದರೆ ಮಾತ್ರ ಮುಂದಿನ ವಾಕ್ಯ ಸಿಗುತ್ತದೆ. ಮೊಣಕಾಲನ್ನು ಒತ್ತಿ ನೋಡಿದ ಡಾಕ್ಟರು, "ತೊಡೆಗೆ ಬಲ ಬರಬೇಕು, ಸೈಕಲ್ ತುಳಿಯಿರಿ. ಇಲ್ಲದಿದ್ದರೆ ಮುಂದೆ ಆಪರೇಷನ್ ವಿಷಯ ಮಾತಾಡಬೇಕಾಗುತ್ತದೆ" ಎಂದರು. ಮಣಿಪಾಲದ ಏರುಗಳಲ್ಲಿ, ಆ ಬಸ್ಸುಗಳ ನಡುವೆ, ಈ ವಯಸ್ಸಿನಲ್ಲಿ ಸೈಕಲ್ ಹತ್ತಿದರೆ ಮೊಣಕಾಲಿನ ಬದಲು ಬೇರೇನಾದರೂ ಮುರಿದೀತು. ಹಾಗಾಗಿ ಮನೆಯೊಳಗೆ ನಿಂತಲ್ಲೇ ನಿಲ್ಲುವ ಸೈಕಲ್ ಕೊಳ್ಳುವ ಯೋಚನೆ ಬಂತು.

ಅದರಲ್ಲಿ ಎರಡು ಜಾತಿ. ಒಂದು ಬರೀ ಸೈಕಲ್. ಇನ್ನೊಂದಕ್ಕೆ ಮುಂದೆ ಪರದೆ, ಅದಕ್ಕೆ ಇಂಟರ್ನೆಟ್. ಯಾವುದೋ ಊರಿನ ತರಬೇತಿದಾರ ಪರದೆಯೊಳಗಿಂದ ಹುರಿದುಂಬಿಸುತ್ತಾನೆ. ಅಂಥದೇ ಸೈಕಲ್ ಇರುವ ನಮ್ಮ ಪರಿಚಯದವರು ಆ ಹೊತ್ತಿಗೆ ಎಷ್ಟು ಜೋರಾಗಿ ತುಳಿಯುತ್ತಿದ್ದಾರೆಂದು ನಮಗೂ, ನಾವು ತುಳಿಯುವುದು ಅವರಿಗೂ ಕಾಣುತ್ತದೆ. ಬೆಲೆಯೇನೋ ಜಾಸ್ತಿಯೇ. ನನ್ನ ಚಿಂತೆ ಬೇರೆ: ಕೊಂಡ ಮೇಲೆ ನಾನು ತುಳಿಯುತ್ತೇನೆಯೇ? ಯೋಗದ ಚಾಪೆ ಕೊಂಡವಳೂ ನಾನೇ, ಅದನ್ನು ಅಲ್ಮೇರದ ಮೇಲೆ ಇಟ್ಟವಳೂ ನಾನೇ.

ಧೈರ್ಯ ಕೊಟ್ಟದ್ದು ಒಂದು ನೆನಪು. ಹುಡುಗಿಯಾಗಿದ್ದಾಗ ನಾನು ಕಾಪುವಿನಿಂದ ಉದ್ಯಾವರದ ಸೇತುವೆಯವರೆಗೆ ಸೈಕಲ್ ತುಳಿಯುತ್ತಿದ್ದೆ. ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅಂಥವಳಿಗೆ ಇದೇನು ಮಹಾ?

ಕಾರ್ಕಳದಲ್ಲಿ ನನ್ನ ತಂಗಿಯ ಮನೆ, ಬಜಗೋಳಿ ರಸ್ತೆಯಲ್ಲಿ. ಅವಳಲ್ಲಿ ಅಂಥ ಪರದೆಯ ಸೈಕಲ್ ಇದೆ. ಕೊಳ್ಳುವ ಮೊದಲು ಒಮ್ಮೆ ತುಳಿದು ನೋಡೋಣವೆಂದು, ಕಾಲೇಜಿಗೆ ರಜೆಯಿದ್ದ ಒಂದು ಶುಕ್ರವಾರ ಹೊರಟೆ. ಕಾಪುವಿನಲ್ಲಿ ಮೀನಿನ ವ್ಯಾಪಾರ ಮಾಡುವ ಅಣ್ಣ ಕಾರು ತಂದಿದ್ದ. ದಾರಿಯಲ್ಲಿ ಅವನಿಗೆ ಸೇತುವೆಯ ಕಥೆ ಹೇಳಿದೆ. (ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅಣ್ಣನ ಮಾತು ಸ್ವಲ್ಪ ಸಭ್ಯವಾಗಿದೆ.)

"ನೀನು ಎಲ್ಲಿ ತುಳಿದದ್ದು ಮಾರಾಯ್ತಿ? ತುಳಿದದ್ದು ನಾನು. ನೀನು ಹಿಂದೆ ಕ್ಯಾರಿಯರಿನಲ್ಲಿ ಕೂತದ್ದು."

"ಹಿಂದೆ ಕೂತಿದ್ದರೆ ನನ್ನ ಮುಖಕ್ಕೆ ಗಾಳಿ ಹೇಗೆ ಬಡಿಯುತ್ತದೆ? ಎದುರಿಗೆ ನಿನ್ನ ಬೆನ್ನು ಇರುತ್ತಿತ್ತಲ್ಲ?"

"ನೀನು ಅಡ್ಡ ಕೂರುತ್ತಿದ್ದೆ. ಹೊಳೆಯ ಕಡೆಗೆ ಮುಖ ಮಾಡಿ. ಇಳಿ ಅಂದರೆ ಏರಿನಲ್ಲೂ ಇಳಿಯುತ್ತಿರಲಿಲ್ಲ."

ಅವನು ಹೇಳಿದ ಮೇಲೆ ನನಗೆ ಲಂಗವನ್ನು ಚಕ್ರಕ್ಕೆ ಸಿಗದಂತೆ ಹಿಡಿದುಕೊಂಡದ್ದೂ ನೆನಪಾಯಿತು. ಅದು ನಿಜವಾದ ನೆನಪೋ, ಅವನ ಮಾತು ಕೇಳಿ ಆ ಗಳಿಗೆಯಲ್ಲೇ ಹುಟ್ಟಿದ್ದೋ, ಈಗಲೂ ಹೇಳಲಾರೆ. ಹೇಗಿದ್ದರೂ ಕಾರ್ಕಳ ತಲುಪುವಾಗ ನಾನು ಹಳೆಯ ಸೈಕಲ್ ಸವಾರಳಾಗಿ ಉಳಿದಿರಲಿಲ್ಲ.

ತಂಗಿಯ ಚಾವಡಿಯಲ್ಲಿ ಸೈಕಲ್ ಇತ್ತು. ಮೊದಲು ನಾನು ನೋಡಿದ್ದು ಅದರ ಹ್ಯಾಂಡಲನ್ನು. ನಮ್ಮ ಕಡೆ ಮನೆಯೊಳಗೆ ಸುಮ್ಮನೆ ನಿಂತ ಯಾವ ವಸ್ತುವಿನ ಮೇಲೂ ಮಳೆಗಾಲದಲ್ಲಿ ಒಂದು ಒದ್ದೆ ಟವೆಲಾದರೂ ಬೀಳದೆ ಇರುವುದಿಲ್ಲ. ಇದರ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ.

"ನೀನು ದಿನಾ ತುಳಿಯುವುದಾ?" ಎಂದೆ.

"ಶುಕ್ರವಾರ ತಪ್ಪುವ ಹಾಗೆ ಇಲ್ಲ ಅಕ್ಕ" ಎಂದು ನಕ್ಕಳು. ಸೀಟು ತಗ್ಗಿಸಿಕೊಟ್ಟಳು, ಪರದೆ ಒತ್ತಿದಳು, ಪೆಡಲ್ ಬಿಗಿ ಮಾಡುವ ಗುಂಡಿ ತೋರಿಸಿದಳು, ನೀರುದೋಸೆಗೆ ಅಕ್ಕಿ ಅರೆಯಲು ಒಳಗೆ ಹೋದಳು.

ನಾನು ತುಳಿಯತೊಡಗಿದೆ. ಪರದೆಯ ತರಬೇತಿದಾರ ಸಮುದ್ರದ ದಂಡೆಯಲ್ಲಿ ಹಾರಿಹೋಗುತ್ತಿದ್ದ. ನಾನು ಅವನ ಮಾತಿಗೆ ಕಿವಿಗೊಡದೆ ನನ್ನ ಮೊಣಕಾಲಿನ ಸದ್ದು ಕೇಳುತ್ತಿದ್ದೆ. ನೋವಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಅರಚುತ್ತಿತ್ತು. ಅಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದ ಅಣ್ಣನ ಮೊಬೈಲ್ ರಿಂಗಾಯಿತು. ಗಲ್ಫಿನಲ್ಲಿರುವ ತಂಗಿಯ ಗಂಡ. ಅಣ್ಣ ಸ್ಪೀಕರಿಗೆ ಹಾಕಿದ.

"ಭಾವ, ನೀವು ಕಾರ್ಕಳಕ್ಕೆ ಹೋಗುತ್ತೇನೆ ಅಂದಿದ್ದಿರಲ್ಲ, ಮನೆಯಲ್ಲಿ ಉಂಟಾ? ಅವಳಿಗೆ ಎಂತ ಆಗಿದೆ? ಫೋನ್ ಎತ್ತುವುದಿಲ್ಲ. ಸೈಕಲಿನಲ್ಲಿ ಕೂತಿದ್ದಾಳೆ, ಆದರೆ ಹೋಗುವುದೇ ಇಲ್ಲ. ಜ್ವರವಾ?"

ಅಣ್ಣ ಒಮ್ಮೆ ನನ್ನನ್ನು ನೋಡಿದ. "ಜ್ವರ ಎಂತದ್ದೂ ಇಲ್ಲ ಭಾವ. ಅವಳು ಅಡುಗೆಮನೆಯಲ್ಲಿ ಉಂಟು. ಸೈಕಲಿನಲ್ಲಿ ಇರುವುದು ಅವಳ ಅಕ್ಕ. ಇವಳ ಸ್ಪೀಡೇ ಇದು."

ಆಚೆಯಿಂದ ಬಹಳ ಮರ್ಯಾದೆಯಿಂದ, "ಅಕ್ಕ, ಚೆಂದ ತುಳಿಯುತ್ತೀರಿ" ಎಂಬ ಮಾತು ಬಂತು. ನಾನು ನಗು ತಡೆಯಲಾರದೆ ಹ್ಯಾಂಡಲಿನ ಮೇಲೆ ಬಾಗಿದೆ.

ಮಿಕ್ಸಿ ನಿಂತ ಮೇಲೆ ತಂಗಿ ವಿಷಯ ಬಿಡಿಸಿ ಹೇಳಿದಳು. ಶುಕ್ರವಾರ ಅವನಿಗೆ ರಜೆ. ಅವನಿರುವ ಕಟ್ಟಡದ ಜಿಮ್ಮಿನಲ್ಲಿ ಇದೇ ತರದ ಸೈಕಲ್ ಇದೆ. ಅವನು ಅಲ್ಲಿ ಹತ್ತುವ ಹೊತ್ತಿಗೆ ಇವಳು ಇಲ್ಲಿ ಹತ್ತುತ್ತಾಳೆ. ಮಾತಿಲ್ಲ, ವಿಡಿಯೋ ಇಲ್ಲ. ಪರದೆಯ ಮೂಲೆಯಲ್ಲಿ ಇಬ್ಬರ ಹೆಸರುಗಳು ಮೇಲೆ ಕೆಳಗೆ ಆಗುತ್ತವೆ, ಅಷ್ಟೆ. "ಫೋನಿನಲ್ಲಿ ಊಟ ಆಯಿತಾ ಅಂತ ಕೇಳಿದ ಮೇಲೆ ಮತ್ತೆ ಎಂತ ಮಾತಾಡುವುದು ಅಕ್ಕ? ಇದರಲ್ಲಾದರೆ ಅವರು ಮುಂದೆ ಹೋದರೆ ನನಗೆ ಸಿಟ್ಟು ಬರುತ್ತದೆ" ಎಂದಳು. ಇವತ್ತು ಅವನಿಗೆ ನಾನು ತುಳಿಯುವುದನ್ನು ಮೊದಲೇ ಹೇಳಲು ಮರೆತಿದ್ದಳು. ನಾನು ಅವಳ ಹೆಸರಿನಲ್ಲೇ ತುಳಿದಿದ್ದೆ.

ದೋಸೆ ತಿನ್ನುವಾಗ ಅಣ್ಣ ಕೇಳಿದ. "ಎಂತ ಮಾಡುತ್ತೀ ಈಗ? ಬರೀ ಸೈಕಲ್ ಸಾಕಲ್ವಾ? ನಿನ್ನ ಗಂಡ ಮನೆಯಲ್ಲೇ ಉಂಟಲ್ಲ, ಗಲ್ಫಿನಲ್ಲಿ ಅಲ್ಲವಲ್ಲ."

ಅದು ಒಳ್ಳೆಯ ಪ್ರಶ್ನೆ. ಉತ್ತರಿಸುವ ಮೊದಲು ನಾನು ಎರಡು ದೋಸೆ ತಿಂದೆ. ನನ್ನ ಗಂಡ ಸಾಧು ಮನುಷ್ಯ. ಚಾಪೆ ಅಲ್ಮೇರದ ಮೇಲೆ ಹೋದ ದಿನ ಅದನ್ನು ಕಂಡಿರಲೇಬೇಕು, ಆದರೆ ಬಾಯಿ ಬಿಡಲಿಲ್ಲ. ಎದುರೆದುರು ಇರುವವರು ಒಬ್ಬರ ಸೋಮಾರಿತನವನ್ನು ಒಬ್ಬರು ಸಹಿಸಿಕೊಂಡೇ ಸಂಸಾರ ನಡೆಸುವುದು. ನನಗೆ ಬೇಕಾದದ್ದು ನಿಧಾನವಾದರೆ ಜ್ವರವಾ ಎಂದು ಕೇಳುವ ಒಬ್ಬರು. ಪರದೆಯ ತರಬೇತಿದಾರ ಎಷ್ಟು ಕೂಗಿದರೂ ಅದನ್ನು ಕೇಳಲಾರ.

"ಪರದೆ ಇರುವುದೇ ತೆಗೆದುಕೊಳ್ಳುತ್ತೇನೆ" ಎಂದೆ. "ಆದರೆ ನಿಮ್ಮ ಶುಕ್ರವಾರದಲ್ಲಿ ನನಗೂ ಒಂದು ಜಾಗ ಕೊಡಬೇಕು."

ತಂಗಿ ಸ್ವಲ್ಪ ಯೋಚಿಸಿದಳು. ಅವಳಿಗೆ ಅದು ಖಾಸಗಿ ಹೊತ್ತು, ನನಗೆ ಆಗಲೇ ಅರ್ಥವಾಗಬೇಕಿತ್ತು. ಕೊನೆಗೆ, "ಅವರು ಮುಗಿಸಿ ಬೆವರು ಒರೆಸಿಕೊಳ್ಳುವಾಗ ನೀನು ಹತ್ತು. ಕೂತು ನೋಡುತ್ತಾರೆ. ಬೈಯುವುದಕ್ಕೆ ಅವರಿಗೂ ಯಾರಾದರೂ ಬೇಕು" ಎಂದಳು.

ಸೈಕಲ್ ಈಗ ನಮ್ಮ ಮಣಿಪಾಲದ ಮನೆಯ ಹಾಲಿನಲ್ಲಿದೆ. ಕೊಂಡದ್ದು ಸಾರ್ಥಕವೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ, ಆದರೆ ಅವರ ಮನೆಗೆ ಅದೇ ಹೌದು ಸಲ್ಲುತ್ತದೆಂದು ಹೇಳಲಾರೆ. ತರಗತಿಯಲ್ಲಿ ಮೊದಲರ್ಧ ನಿಂತು, ನಡೆದು ಪಾಠ ಮಾಡುತ್ತೇನೆ. ಉಳಿದರ್ಧ ಇನ್ನೂ ಕುರ್ಚಿಯದೇ. ಆಪರೇಷನ್ ಮಾತನ್ನು ಡಾಕ್ಟರು ಸದ್ಯಕ್ಕೆ ಎತ್ತಿಲ್ಲ.

ಮೊನ್ನೆ ಶುಕ್ರವಾರ ಜೋರು ಮಳೆ. ತುಳಿಯುತ್ತಿರುವಾಗ ಕರೆಂಟ್ ಹೋಯಿತು, ಇಂಟರ್ನೆಟ್ ಹೋಯಿತು, ತರಬೇತಿದಾರ ಬಾಯಿ ತೆರೆದವನು ಹಾಗೆಯೇ ಕಪ್ಪಾದ. ಪೆಡಲಿಗೆ ಕರೆಂಟ್ ಬೇಡವಲ್ಲ. ಗುಂಡಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿ ನಾನು ಕತ್ತಲೆ ಹಾಲಿನಲ್ಲಿ ತುಳಿದೆ. ಗಲ್ಫಿನಿಂದ ಫೋನ್ ಬಂತು.

"ಅಕ್ಕ, ನಿಲ್ಲಿಸಿಬಿಟ್ಟಿರಲ್ಲ."

"ನಿಲ್ಲಿಸಿಲ್ಲ ಮಾರಾಯ. ಕರೆಂಟ್ ಹೋದದ್ದು. ನಾನು ತುಳಿಯುತ್ತಲೇ ಇದ್ದೇನೆ."

"ಎಲ್ಲರೂ ಹಾಗೇ ಹೇಳುವುದು ಅಕ್ಕ."

ನಾನು ಮೊಬೈಲನ್ನು ಪೆಡಲಿನ ಹತ್ತಿರ ಹಿಡಿದು, ಅದರ ಸದ್ದು ಅವನಿಗೆ ಕೇಳುವಷ್ಟು ಜೋರಾಗಿ ತುಳಿಯತೊಡಗಿದೆ.