ನನ್ನ ಗಂಡ ಅಳಿಸಿದ ಗಾಯ

ನನ್ನ ಗಂಡ ಫೋಟೋಗ್ರಾಫರ್. ಎಂಥಾ ಮುಖ ಹೊತ್ತು ಬಂದವರೂ ಇವರ ಸ್ಟುಡಿಯೋದಿಂದ ಚೆಂದವಾಗಿ ಹೋಗುತ್ತಾರೆ ಎಂದು ಊರೆಲ್ಲ ಹೊಗಳುತ್ತಿತ್ತು. ನೆಗೆಟಿವ್ ಮೇಲೆ ಬ್ಲೇಡು, ಪೆನ್ಸಿಲು ಆಡಿಸಿ ಸುಕ್ಕು, ಕಲೆ ಎಲ್ಲ ತೆಗೆದುಬಿಡುವರು. ಮದುವೆಯಾದ ಹೊಸತರಲ್ಲಿ ತೆಗೆದ ನನ್ನ ಫೋಟೋದಲ್ಲೂ ಮೂಗಿನ ಪಕ್ಕದ ಮಚ್ಚೆ ಇಲ್ಲ. ಕೇಳಿದರೆ, "ನಿನಗೆ ಒಳ್ಳೇದೇ ಮಾಡಿದೀನಿ, ಸುಮ್ನಿರೇ" ಎನ್ನುವ ಜಂಬ.

ಸ್ಟುಡಿಯೋ ಹಿಂದಿನ ಶೆಡ್ಡಿನಲ್ಲಿ ಇವರ ಗೆಳೆಯ ಶಿಲ್ಪಿಯ ಕೆಲಸ. ತೀರಿಕೊಂಡವರ ಫೋಟೋ ನೋಡಿಕೊಂಡು ಮೊದಲು ಜೇಡಿಮಣ್ಣಿನಲ್ಲಿ ಮುಖ ಮಾಡುವನು. ಮನೆಯವರು ಒಪ್ಪಿದ ಮೇಲೆ ಅಚ್ಚು ತೆಗೆದು ಎರಕ. ಮಾಡಿದ್ದನ್ನೆಲ್ಲ ಇವರೇ ಫೋಟೋ ತೆಗೆಯಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ದೀಪ ಎಡಕ್ಕಿಡಬೇಕೋ ಬಲಕ್ಕೋ ಎಂದು ದಿನಾ ಜಗಳ, ಆಮೇಲೆ ಒಂದೇ ಲೋಟದಲ್ಲಿ ಟೀ.

"ಅತ್ತಿಗೆ, ಇವನ ಕಣ್ಣು, ನನ್ನ ಕೈ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ" ಎನ್ನುತ್ತಿದ್ದ.

"ಬುದ್ಧಿ ಯಾರ್ದಪ್ಪಾ?" ಎಂದು ನಾನು ಕೇಳಿದರೆ ಇಬ್ಬರೂ ನಗುವರು.

ಒಂದು ದಿನ ಒಬ್ಬ ಅಜ್ಜಿ ಮಗಳ ಕೈ ಹಿಡಿದು ಬಂದರು. ಆಕೆಗೆ ಕಣ್ಣು ಕಾಣದು. ಗಂಡ ತೀರಿಕೊಂಡು ವರ್ಷವಾಗಿತ್ತು. ಫೋಟೋ ಇದ್ದರೂ ನೋಡಲಾಗದು, ಮುಟ್ಟಲಾದರೂ ಒಂದು ಮುಖ ಇರಲಿ ಎಂದು ಮಾಡಿಸಿದ್ದರು. ಆ ಫೋಟೋ ಹಿಂದೆಂದೋ ನನ್ನ ಗಂಡನೇ ತೆಗೆದದ್ದು. ಮಣ್ಣಿನ ಮುಖದ ಮುಂದೆ ಕೂರಿಸಿದೆವು. ಕೆನ್ನೆ, ಮೂಗು ಸವರಿ ಅಜ್ಜಿ ನಕ್ಕರು. ಬೆರಳು ಎಡಹುಬ್ಬಿಗೆ ಬಂದು ನಿಂತಿತು. ಅಲ್ಲೇ ಹುಡುಕಿತು, ಮತ್ತೆ ಮತ್ತೆ ಹುಡುಕಿತು.

"ಇವರು ನಮ್ಮನೆಯವರಲ್ಲ. ಹುಬ್ಬು ಸೀಳಿದ ಗಾಯ ಎಲ್ಲಿ? ತಲೆನೋವು ಅಂದಾಗೆಲ್ಲ ನಾನು ಒತ್ತುತಿದ್ದದ್ದೇ ಅಲ್ಲಿ."

ಶಿಲ್ಪಿ ಒಮ್ಮೆ ನನ್ನ ಗಂಡನ ಮುಖ ನೋಡಿದ. ಅವನಿಗೆ ತಿಳಿದುಹೋಯಿತು. ಆದರೂ, "ತಪ್ಪು ನಂದೇ ಅಮ್ಮಾ. ಫೋಟೋದಲ್ಲಿತ್ತು, ನಾನೇ ಸರಿಯಾಗಿ ನೋಡ್ಲಿಲ್ಲ" ಎಂದ.

ಇವರೋ, ಬಾಯಿಗೆ ಬೀಗ! ಗೆಳೆಯ ಸುಳ್ಳು ಹೇಳಿ ಮಾನ ಕಾಯುತ್ತಿದ್ದಾನೆ, ಇವರು ಗೋಡೆ ನೋಡುತ್ತಿದ್ದಾರೆ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇಂಥವರ ಹೆಂಡತಿ ಎಂದು ಅಲ್ಲಿ ನಿಲ್ಲುವುದಕ್ಕೇ ನಾಚಿಕೆಯಾಯಿತು.

"ರೀ, ಮಾತಾಡ್ರೀ!" ಎಂದೆ.

ಇವರ ಮುಖ ಹುಳ್ಳಗಾಯಿತು. "ಅಮ್ಮಾ, ಗಾಯ ತೆಗೆದೋನು ನಾನು. ಚೆನ್ನಾಗಿ ಕಾಣ್ಲಿ ಅಂತ ಕೆರೆದ್ಬಿಟ್ಟೆ. ನೆಗೆಟಿವ್‌ನಲ್ಲೂ ಉಳಿದಿಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಶಿಲ್ಪಿಯ ಹೆಬ್ಬೆರಳು ಹಿಡಿದು ಒದ್ದೆ ಮಣ್ಣಿನ ಹುಬ್ಬಿಗೆ ಒತ್ತಿದರು. "ಇಲ್ಲಿಂದ ಶುರು. ಇನ್ನೂ ಆಳ. ಹಾಂ, ಕೊನೇಲಿ ಸ್ವಲ್ಪ ಸೊಟ್ಟ." ತಿದ್ದಿ, ಮುಟ್ಟಿ, ಮತ್ತೆ ತಿದ್ದಿಸಿದರು. ನನ್ನ ಗಂಡ ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತೇ ಇದ್ದರು, ಯಾರಿಗೂ ಬೇಡವಾದ ನೆಂಟರ ಹಾಗೆ. ಕೊನೆಗೆ ಅಜ್ಜಿಯ ಬೆರಳು ಆ ಗಾಯದಲ್ಲಿ ಸರಿಯಾಗಿ ಕೂತಿತು. "ಬಂದ್ರಲ್ಲಾ" ಎಂದು ಅತ್ತುಬಿಟ್ಟರು. ಮಗಳೂ ಅತ್ತಳು, ನಾನೂ ಅತ್ತೆ.

ಇವರು ಧೈರ್ಯ ಮಾಡಿ ಹತ್ತಿರ ಬಂದರು. "ಅಮ್ಮಾ, ಇದರದೊಂದು ಫೋಟೋ ತೆಗೆದುಕೊಡ್ತೀನಿ. ಮೊಮ್ಮಕ್ಕಳು ನೋಡ್ಲಿ."

ಅಜ್ಜಿ ಎರಡೂ ಕೈಯಿಂದ ಆ ಮುಖ ಮುಚ್ಚಿಕೊಂಡರು. "ಬೇಡಪ್ಪಾ. ನೀನು ಮತ್ತೆ ಚೆಂದ ಮಾಡಿಬಿಡ್ತೀಯ."

ಇವರು ಗೆಳೆಯನ ಕಡೆ ನೋಡಿದರು. ಎಂದೂ ಇವರನ್ನು ಬಿಟ್ಟುಕೊಡದವನು ಬಕೆಟ್ಟಿನಲ್ಲಿ ಕೈ ತೊಳೆಯುತ್ತಾ ಕೂತಿದ್ದ, ತಲೆ ಎತ್ತಲಿಲ್ಲ.