ಗಿರಣಿಯ ಬಲಗೈ

ಗಿರಣಿ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಕಾಲೇಜು ಇಟ್ಟದ್ದು. ಸಾಫ್ಟ್‌ಬಾಲ್ ಆಟದಲ್ಲಿ ಪಿಚ್ಚರ್, ಅಂದರೆ ಚೆಂಡೆಸೆಯುವವಳು, ತೋಳನ್ನು ಭುಜದಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಇವಳು ತಿರುಗಿಸಿದರೆ ತೋಳು ಕಾಣುತ್ತಿರಲಿಲ್ಲ, ಬರೀ ಗಾಳಿ ಕಾಣುತ್ತಿತ್ತು. ಎದುರಿಗೆ ಬ್ಯಾಟು ಹಿಡಿದವಳಿಗೆ ಉಳಿಯುತ್ತಿದ್ದುದು ಎರಡೇ ಕೆಲಸ: ದೇವರನ್ನು ನೆನೆಯುವುದು, ಕಣ್ಣು ಮುಚ್ಚುವುದು. ಎರಡಕ್ಕೂ ಪುರಸೊತ್ತು ಸಿಗುತ್ತಿರಲಿಲ್ಲ.

ಈ ವಿದ್ಯೆ ಬಂದದ್ದು ಈರುಳ್ಳಿಯಿಂದ. ಮನೆ ಮೂರನೆಯ ಮಹಡಿಯಲ್ಲಿ. ಕಟ್ಟಡದ ಲಿಫ್ಟು ಉದ್ಘಾಟನೆಯ ದಿನ ಮೇಲೆ ಹೋದದ್ದು ಇನ್ನೂ ಕೆಳಗೆ ಬಂದಿರಲಿಲ್ಲ. ಅಮ್ಮ ಹೊಲಿಗೆ ಮಷಿನ್ ಬಿಟ್ಟೆದ್ದು, ಯಾರದೋ ಅರ್ಧ ಹೊಲಿದ ಬಟ್ಟೆಯನ್ನೇ ಬಾಲ್ಕನಿಯಿಂದ ಚಾಚಿ ಹಿಡಿದರೆ, ಅಂಗಡಿಯಿಂದ ಬಂದ ದೊಡ್ಡ ಮಗಳು ಬೀದಿಯಲ್ಲೇ ನಿಂತು ಕೈಯನ್ನು ಕೆಳಗಿನಿಂದ ಬೀಸಿ ಒಂದೊಂದೇ ಈರುಳ್ಳಿಯನ್ನು ಮೇಲಕ್ಕೆ ಕಳಿಸುತ್ತಿದ್ದಳು. ಒಂದೂ ದಾರಿ ತಪ್ಪುತ್ತಿರಲಿಲ್ಲ. ಪ್ಯಾಂಟು ಹೊಲಿಸಲು ಬಂದ ಕಾಲೇಜಿನ ಪಿ.ಟಿ. ಮೇಷ್ಟ್ರು ಇದನ್ನು ನೋಡಿ, ಅಳತೆ ಕೊಡುವುದನ್ನೇ ಮರೆತರು.

"ಈ ಹುಡುಗೀನ ನಮ್ಮ ಟೀಮಿಗೆ ಕಳ್ಸಮ್ಮ."

"ಕಳಿಸ್ತೀನಿ ಸಾರ್. ಈರುಳ್ಳಿ ಇನ್ಮೇಲೆ ನೀವೇ ಹತ್ತಿಸಿಕೊಡ್ತೀರಾ?" ಎಂದಳು ಅಮ್ಮ.

ಮೊದಲ ವರ್ಷ ಅವಳ ಚೆಂಡು ಹಿಡಿಯಲು ಮೂವರು ಬಂದರು. ಒಬ್ಬಳು ಚೆಸ್ಸಿಗೆ ಸೇರಿದಳು, ಒಬ್ಬಳು ಹಾಡಿಗೆ ಸೇರಿದಳು, ಇನ್ನೊಬ್ಬಳು ಎಲ್ಲಿ ಸೇರಿದಳೋ ಇವತ್ತಿಗೂ ಪತ್ತೆಯಿಲ್ಲ. ಮರುವರ್ಷ ಅದೇ ಕಾಲೇಜಿಗೆ ಬಂದ ತಂಗಿಯ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿ ಕೂರಿಸಿದರು. ತಂಗಿ ಕುಕ್ಕರಗಾಲಿನಲ್ಲಿ ಕೂತು ತೊಡೆಗಳ ನಡುವೆ ಬೆರಳು ತೋರಿಸಬೇಕು: ಒಂದು ಬೆರಳೆಂದರೆ ವೇಗದ್ದು, ಎರಡೆಂದರೆ ನಿಧಾನದ್ದು. ಅಕ್ಕ ಒಪ್ಪಿದರೆ ತಲೆಯಾಡಿಸುತ್ತಾಳೆ. ಆ ವರ್ಷ ಒಂದು ಪಂದ್ಯದಲ್ಲಿ ಎದುರಿನವರು ಬ್ಯಾಟು ಹಿಡಿದು ಬಂದ ಇಪ್ಪತ್ತೊಂದು ಸಲದಲ್ಲಿ ಹತ್ತೊಂಬತ್ತು ಸಲ ಚೆಂಡಿನ ಗಾಳಿಯನ್ನೂ ಮುಟ್ಟದೆ ಹಿಂದಿರುಗಿದರು. ಹೊರ ಮೈದಾನದಲ್ಲಿ ನಿಂತ ಮೂವರು ಹುಡುಗಿಯರು ಕೆಲಸವಿಲ್ಲದೆ ಅಲ್ಲೇ ಓದಿಕೊಂಡು ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದರು.

ಇಷ್ಟು ಚೆನ್ನಾಗಿದ್ದಾಗ ಇನ್ನೊಬ್ಬ ಪಿಚ್ಚರ್ ಯಾಕೆ? ಮೇಷ್ಟ್ರು ಒಳ್ಳೆಯವರು, ಆಟವನ್ನು ಒಂದು ತೆಳ್ಳನೆಯ ಪುಸ್ತಕ ಓದಿ ಕಲಿತವರು. "ಕೆಳಗಿಂದ ಎಸೆಯೋ ಕೈಗೆ ದಣಿವೇ ಇಲ್ಲ ಕಣ್ರಮ್ಮಾ. ನಡೆಯುವಾಗ ಕೈ ಬೀಸಲ್ವಾ, ಅಷ್ಟೇ. ನಡೆದೂ ನಡೆದೂ ಯಾರ ಕೈಯಾದ್ರೂ ಉದುರಿ ಬಿದ್ದಿದ್ಯಾ?" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಗಿರಣಿಯೂ.

ಮೂರನೆಯ ವರ್ಷ ಮೊದಲು ಗೊತ್ತಾದದ್ದು ತಂಗಿಯ ಗ್ಲೌಸಿಗೆ. ಫಟ್ ಎನ್ನುತ್ತಿದ್ದ ಚೆಂಡು ದಪ್ ಎನ್ನತೊಡಗಿತು. ಆಮೇಲೆ ಮನೆಯಲ್ಲಿ ಗೊತ್ತಾಯಿತು. ಅಕ್ಕ ಚಹಾ ಲೋಟ ಎಡಗೈಯಲ್ಲಿ ಹಿಡಿಯುತ್ತಾಳೆ, ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

"ಬೆರಳು ಜೋಮು ಹಿಡಿಯುತ್ತೆ ಅಷ್ಟೇ. ಮೇಷ್ಟ್ರಿಗೆ ಹೇಳಿದ್ರೆ ನಿನ್ನ ಜೊತೆ ಮಾತು ಬಿಟ್ಟೆ."

"ಬಿಡು. ಮನೆ ಸ್ವಲ್ಪ ತಣ್ಣಗಿರುತ್ತೆ."

"ತಮಾಷೆ ಅಲ್ಲ ಕಣೇ. ಈ ಸಲ ರಾಜ್ಯದ ಟೀಮಿಗೆ ಆರಿಸೋರು ಬರ್ತಾರೆ. ಅದೊಂದು ಆಗ್ಲಿ, ಆಮೇಲೆ ಈ ಕೈಯನ್ನ ಹತ್ತಿಯಲ್ಲಿ ಸುತ್ತಿ ಇಡ್ತೀನಿ. ಆಣೆ ಹಾಕು."

ತಂಗಿ ಆಣೆ ಹಾಕಿದಳು.

ಅಂತರ ಕಾಲೇಜು ಪಂದ್ಯಗಳ ಕೊನೆಯ ದಿನ ಒಂದೇ ಮೈದಾನದಲ್ಲಿ ಮೂರು ಆಟ. ಆರಿಸುವವರು ಮೂವರು, ಬಿಳಿ ಟೋಪಿಯವರು, ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಳಗಿನದು ಗೆದ್ದರು. ಎರಡನೆಯದೂ ಗೆದ್ದರು, ಆದರೆ ಆ ಆಟದುದ್ದಕ್ಕೂ ತಂಗಿ ಎರಡು ಬೆರಳು ತೋರಿಸುತ್ತಲೇ ಇದ್ದಳು, ಅಕ್ಕ ಒಲ್ಲೆನೆಂದು ತಲೆ ಅಲ್ಲಾಡಿಸುತ್ತಲೇ ಇದ್ದಳು. ಊಟದ ಹೊತ್ತಿಗೆ ಅಕ್ಕ ಚಮಚವನ್ನು ಮೂರು ಸಲ ಬೀಳಿಸಿದಳು. ತಂಗಿ ಎದ್ದು ಮೇಷ್ಟ್ರ ಬಳಿ ಹೋಗಿ ಆಣೆ ಮುರಿದಳು.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲಿದ್ದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಯಾರನ್ನ ಹಾಕ್ಲಮ್ಮ?" ಎಂದರು ಮೆಲ್ಲಗೆ. "ನೀನೇ ಹೇಳು. ಯಾರನ್ನ ಹಾಕ್ಲಿ?"

ಮೂರು ವರ್ಷದಲ್ಲಿ ಬೇರೊಬ್ಬ ಹುಡುಗಿಯ ತೋಳು ಒಂದು ಸುತ್ತೂ ತಿರುಗಿರಲಿಲ್ಲ.

ಮೂರನೆಯ ಆಟ ಏಳನೆಯ, ಅಂದರೆ ಕೊನೆಯ, ಇನಿಂಗ್ಸ್‌ವರೆಗೆ ಸೊನ್ನೆಗೆ ಸೊನ್ನೆ. ಆ ಕೈಯಲ್ಲೂ ಅವಳು ಅಷ್ಟು ತಡೆದಿದ್ದಳು. ಎದುರಿನವರದು ಕೊನೆಯ ಸರದಿ, ಒಬ್ಬಳು ಮೂರನೆಯ ಬೇಸಿನಲ್ಲಿ ಓಡಲು ಕಾದಿದ್ದಾಳೆ; ತಂಗಿಯ ಮುಂದಿನ ಮನೆಗಟ್ಟೆ ಮುಟ್ಟಿದರೆ ಒಂದು ರನ್, ಆಟ ಅವರದು. ತಂಗಿ ಎರಡು ಬೆರಳು ತೋರಿಸಿದಳು. ಆ ದಿನ ಮೊದಲ ಸಲ ಅಕ್ಕ ಒಪ್ಪಿದಳು.

ತೋಳು ಮೇಲೆ ಹೋಯಿತು. ಅರ್ಧ ಸುತ್ತಿನಲ್ಲಿ ಚೆಂಡು ಕೈಯಿಂದ ಕಳಚಿ, ಅವಳ ಕಾಲಿನ ಬಳಿಯೇ ಬಿತ್ತು. ಹಾಗೆ ಬಿದ್ದರೂ ಆಟ ನಿಲ್ಲುವುದಿಲ್ಲ. ಓಡುವವರು ಓಡಬಹುದು. ಮೂರನೆಯ ಬೇಸಿನವಳು ಓಡಿಬಂದಳು.

"ಎತ್ತು! ಅಕ್ಕಾ, ಎತ್ತೇ!"

ಅಕ್ಕ ಬಗ್ಗಿದಳು. ಬಲಗೈಯನ್ನು ಚೆಂಡಿನ ಮೇಲಿಟ್ಟಳು. ಬೆರಳು ಮುಚ್ಚಲಿಲ್ಲ. ಇನ್ನೊಮ್ಮೆ ಇಟ್ಟಳು. ತಂಗಿ ಮನೆಗಟ್ಟೆಯ ಮೇಲೆ ಗ್ಲೌಸ್ ಅಗಲಿಸಿ ಹಿಡಿದು ನಿಂತೇ ಇದ್ದಳು. ಓಡಿಬಂದವಳು ಅವಳ ಪಕ್ಕದಲ್ಲೇ ಕಾಲಿಟ್ಟು ಗೆದ್ದಳು. ತಂಗಿ ಕುರ್ಚಿಗಳ ಕಡೆ ತಿರುಗಿದಳು. ಮೂರೂ ಖಾಲಿ. ಬಿಳಿ ಟೋಪಿಯವರು ಊಟ ಮುಗಿಸಿ ಹಾಗೇ ಹೋಗಿದ್ದರಂತೆ.

ಆಸ್ಪತ್ರೆಯ ಡಾಕ್ಟರು ಭುಜದೊಳಗಿನ ಒಂದು ನರದ ಚಿತ್ರ ಬರೆದು ತೋರಿಸಿದರು. ಕೂದಲು ಬಾಚುವಷ್ಟು ಬರಬಹುದು ಎಂದರು. ಎಸೆಯುವ ಮಾತು ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ. ಅಮ್ಮ ಎಲ್ಲ ಅಂಗಿಗಳ ಗುಂಡಿ ಬಿಚ್ಚಿ ಜಿಪ್ ಹೊಲಿದಳು.

ಹನ್ನೆರಡನೆಯ ದಿನ ದಪ್ಪ ಲಕೋಟೆ ಬಂತು, ಒಳಗೆ ಒಂದು ಪತ್ರ, ಒಂದು ಫಾರಂ. ಗಿರಣಿ ರಾಜ್ಯದ ಟೀಮಿಗೆ ಆಯ್ಕೆಯಾಗಿದ್ದಳು. ಮೊದಲೆರಡು ಆಟ ನೋಡಿಯೇ ಅವರು ಹೆಸರು ಬರೆದುಕೊಂಡು ಎದ್ದಿದ್ದರು. ಮೂರನೆಯದನ್ನು ಆಡುವ ಅಗತ್ಯವೇ ಇರಲಿಲ್ಲ. ಅಮ್ಮ ಪತ್ರ ಓದಿ ಮುಗಿಸಿ ಮಷಿನಿನ ಮುಂದೆ ಕೂತಳು, ತುಳಿಯಲಿಲ್ಲ.

"ಫಾರಂ ತುಂಬು," ಎಂದಳು ಅಕ್ಕ. ಆ ಪಂದ್ಯದ ನಂತರ ತಂಗಿಯೊಂದಿಗೆ ಆಡಿದ ಮೊದಲ ಮಾತು ಅದು.

"ಅಕ್ಕ..."

"ನಂಗೆ ಪೆನ್ ಹಿಡಿಯೋಕಾಗಲ್ಲ. ನೀ ತುಂಬೇ."

ತಂಗಿ ತುಂಬಿದಳು. ಎತ್ತರ, ತೂಕ, ಆಡಿದ ಪಂದ್ಯಗಳ ಸಂಖ್ಯೆ. ಕೊನೆಯಲ್ಲಿ ಎಸೆಯುವ ಕೈ ಯಾವುದೆಂದು ಎರಡು ಚೌಕಗಳಿದ್ದವು: ಬಲ, ಎಡ. ಪೆನ್ನು ನಿಂತಿತು.

"ಬಲ," ಎಂದಳು ಅಕ್ಕ.

ತಂಗಿ ಬಲಕ್ಕೆ ಗುರುತು ಹಾಕಿದಳು.