ತುಹಾಮಿಯ ಬೆಳಗಿನ ಲೆಗ್ಮಿ

ಗಾಬೆಸ್ ಪಟ್ಟಣದಂಚಿನ ಖರ್ಜೂರದ ತೋಟಗಳಲ್ಲಿ ತುಹಾಮಿಯಷ್ಟು ಚುರುಕಾಗಿ ಮರ ಹತ್ತುವವರು ಇರಲಿಲ್ಲ. ಐವತ್ತು ದಾಟಿದ ಮೇಲೂ ಸೊಂಟಕ್ಕೆ ಹಗ್ಗ ಬಿಗಿದು, ಬರಿಗಾಲಲ್ಲಿ ಸರಸರನೆ ಏರಿ, ಮರದ ನೆತ್ತಿಯನ್ನು ಹದವಾಗಿ ಕೆತ್ತಿ ಮಡಕೆ ಕಟ್ಟಿ ಬರುತ್ತಿದ್ದ. ಅದರಲ್ಲಿ ತೊಟ್ಟಿಕ್ಕಿದ ರಸವನ್ನು ಸೂರ್ಯ ಮೂಡುವ ಮೊದಲೇ ಇಳಿಸಿ ರಸ್ತೆ ಬದಿಯಲ್ಲಿ ಮಾರುತ್ತಿದ್ದ. ಅದೇ ಲೆಗ್ಮಿ. ಬೆಳಿಗ್ಗೆ ಮಕ್ಕಳೂ ಬಸುರಿಯರೂ ಕುಡಿಯುವಂಥ ಸಿಹಿ ರಸ. ಬಿಸಿಲೇರಿದಂತೆ ನೊರೆಯೆದ್ದು ಹುಳಿ ಬಂದು, ಸಂಜೆ ಹೊತ್ತಿಗೆ ತಲೆಗೇರುವ ಹೆಂಡ.

ಉಳಿದದ್ದನ್ನು ಚೆಲ್ಲಲು ತುಹಾಮಿಗೆ ಮನಸ್ಸು ಬರುತ್ತಿರಲಿಲ್ಲ. ತೋಟದ ಹಿಂಗೋಡೆಯ ನೆರಳಲ್ಲಿ ಇಡುತ್ತಿದ್ದ. ಬಿಸಿಲಿಳಿದ ಮೇಲೆ ಕೆಲವರು ಆ ಕಡೆ ಸುಳಿದು, ಕಾಸು ಕೊಟ್ಟು ಕುಡಿಯುತ್ತಿದ್ದರು. ಕಾರ್ಖಾನೆಯ ಕೆಲಸ ಹೋದ ಮೇಲೆ ಅವನ ತಮ್ಮ ಸಾಸಿಯೂ ಬರತೊಡಗಿದ. ಎಲ್ಲೆಲ್ಲೋ ಏನೇನೋ ಕುಡಿಯುವುದಕ್ಕಿಂತ ನನ್ನ ಕಣ್ಣೆದುರಿಗೇ ಇರಲಿ ಎಂದು ತುಹಾಮಿ ಸಮಾಧಾನ ಮಾಡಿಕೊಂಡಿದ್ದ.

ಒಂದು ಸಂಜೆ ಸಾಸಿ ತೋಟದ ನೀರುಕಾಲುವೆಯಲ್ಲಿ ಮಗುಚಿ ಬಿದ್ದಿದ್ದ. ಮುಖ ಕೆಸರಿನಿಂದ ನಾಲ್ಕು ಬೆರಳು ಆಚೆಗಿತ್ತು, ಅಷ್ಟೆ. ತುಹಾಮಿ ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಹೆಂಡತಿ ಮ್ಬಾರ್ಕಾ ಸೆರಗಿನಿಂದ ಮೈದುನನ ಕಿವಿಯ ಕೆಸರು ಒರೆಸಿದಳು.

"ನಾನು ಈ ಮನೆಗೆ ಬಂದಾಗ ಇವನಿಗೆ ಏಳು ವರ್ಷ. ನನ್ನ ತೊಡೆ ಮೇಲೇ ನಿದ್ದೆ ಮಾಡ್ತಿದ್ದ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ ಕೇಳಿದಳು, "ಇವತ್ತು ಇವನಿಗೆ ಕುಡಿಸಿದ್ದು ಯಾರು?"

ಉತ್ತರ ಇಬ್ಬರಿಗೂ ಗೊತ್ತಿತ್ತು.

ಮರುದಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ನರ್ಸ್ ಜಾಜಿಯಾ ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ಕೂಡಿ ಹಾಕಿ ಒಂದೇ ಏಟಿಗೆ ಬಿಡಿಸೋಕೆ ಹೋಗ್ಬೇಡಿ, ಜೀವಕ್ಕೇ ಕುತ್ತು. ಇಲ್ಲೇ ಇರಲಿ, ಔಷಧಿ ಕೊಡ್ತೀವಿ. ಆದ್ರೆ ಮನೆಗೆ ವಾಪಸ್ ಹೋದಾಗ ಅದೇ ಗೋಡೆ, ಅದೇ ಮಡಕೆ ಕಾಯ್ತಾ ಇದ್ರೆ ನಮ್ಮ ಔಷಧಿ ಏನು ಮಾಡುತ್ತೆ?"

ತುಹಾಮಿ ಅಂದಿನಿಂದಲೇ ಸಂಜೆಯ ಮಾರಾಟ ನಿಲ್ಲಿಸಿದ. ಕುಡಿಯುವವರು ಪಕ್ಕದ ತೋಟದ ಬೆಲ್ಗಾಸಿಮ್ ಬಳಿ ಹೋದರು. ಕೊನೆಗೆ ತುಹಾಮಿ ಲೆಗ್ಮಿ ಇಳಿಸುವ ಉಳಿದ ನಾಲ್ವರನ್ನೂ ತನ್ನ ಅಂಗಳಕ್ಕೆ ಕರೆದ.

"ಏನಯ್ಯ, ಮೂವತ್ತು ವರ್ಷ ಮಾರಿ ಈಗ ದೊಡ್ಡ ಹಾಜಿ ಆಗ್ಬಿಟ್ಯಾ?" ಎಂದು ಬೆಲ್ಗಾಸಿಮ್ ಕಿಚಾಯಿಸಿದ.

"ಹಾಜಿ ಅಲ್ಲ ಮಾರಾಯ. ಸಾಸಿಯ ಅಣ್ಣ. ನಾನೊಬ್ಬ ನಿಲ್ಸಿದ್ರೆ ನಿನ್ನ ಹತ್ರ ಬರ್ತಾರೆ, ನೀನು ನಿಲ್ಸಿದ್ರೆ ಇನ್ನೊಬ್ಬನ ಹತ್ರ. ನಿಲ್ಸೋದಾದ್ರೆ ಐದೂ ಜನ ನಿಲ್ಸಬೇಕು."

"ಉಳಿದಿದ್ದನ್ನ ಏನು, ಕತ್ತೆಗೆ ಕುಡಿಸ್ಲಾ?"

"ಕತ್ತೆ ಏನು ಪಾಪ ಮಾಡಿದೆ ಬೆಲ್ಗಾಸಿಮಣ್ಣ?" ಒಳಗಿನಿಂದ ಮ್ಬಾರ್ಕಾಳ ದನಿ ಬಂತು. "ನನಗೆ ಕೊಡಿ. ಹುಳಿ ಬರೋ ಮೊದ್ಲೇ ಕಾಯಿಸಿ ಪಾಕ ಮಾಡ್ತೀನಿ."

ಎಲ್ಲರೂ ನಕ್ಕರು. ಆದರೆ ಮೂವರು ಒಪ್ಪಿದರು. ಬೆಲ್ಗಾಸಿಮ್ ಎದ್ದು ಹೋದ. ಮರುದಿನದಿಂದ ಅಂಗಳದಲ್ಲಿ ದೊಡ್ಡ ಪಾತ್ರೆ ಒಲೆಯೇರಿತು. ಅಕ್ಕಪಕ್ಕದ ಹೆಂಗಸರು ಸೌದೆ ಹಿಡಿದು ಬಂದರು. ಮೊದಲ ಪಾಕ ಸೀದು ಹೋಯಿತು. ಎರಡನೆಯದನ್ನು ಮಕ್ಕಳು ರೊಟ್ಟಿಗೆ ಸವರಿಕೊಂಡು ತಿಂದರು. ಐದಾರು ವಾರ ಕಳೆದ ಮೇಲೆ ಬೆಲ್ಗಾಸಿಮನ ಹೆಂಡತಿಯೇ ಗಂಡನ ಮಡಕೆಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಬಂದಳು. ಅವನು ಹಿಂದೆ ಹಿಂದೆ, ಯಾರ ಮುಖವನ್ನೂ ನೋಡದೆ ನಡೆದು ಬಂದ.

ಆದರೂ ಹಳೆಯ ಗಿರಾಕಿಗಳು ಹಿಂಗೋಡೆಯ ಬಳಿ ಬಂದು ಸುಮ್ಮನೆ ಕೂರುತ್ತಿದ್ದರು. "ಇಲ್ಲೇನೂ ಸಿಗಲ್ಲ ಕಣ್ರೋ," ಎಂದ ತುಹಾಮಿ.

"ಗೊತ್ತಣ್ಣ," ಎಂದ ಒಬ್ಬ. "ಕೆಲಸ ಇಲ್ಲದೆ ಮನೇಲಿ ಕೂತ್ರೆ ಮಕ್ಕಳ ಮುಖ ನೋಡೋಕೆ ನಾಚಿಕೆ ಆಗುತ್ತೆ. ಮತ್ತೆಲ್ಲಿಗೆ ಹೋಗೋಣ?"

ಇಷ್ಟು ವರ್ಷ ಅವರು ರುಚಿಗೇ ಬರುತ್ತಿದ್ದರೆಂದು ತುಹಾಮಿ ನಂಬಿದ್ದ. ಮರುದಿನ ಅಲ್ಲೇ ಇದ್ದಿಲ ಒಲೆಯಿಟ್ಟು ಕೆಂಪು ಚಹಾ ಕಾಯಿಸಿದ. ಚಹಾ ಕುಡಿದವರ ಕೈಗೆ ಗುದ್ದಲಿ ಕೊಟ್ಟು, ಹೂಳು ತುಂಬಿದ ಕಾಲುವೆ ತೋರಿಸಿದ. ಆ ಕಾಲುವೆಯ ನೀರು ಬಳಸುವ ತೋಟದವರು ಕೂಲಿ ಕೊಡಲು ಒಪ್ಪಿದರು.

ಸಾಸಿ ಆಸ್ಪತ್ರೆಯಿಂದ ಬಂದು ನಾಲ್ಕು ತಿಂಗಳು ಚೆನ್ನಾಗಿದ್ದ. ಆಮೇಲೆ ಪಟ್ಟಣಕ್ಕೆ ಹೋಗಿ ಕುಡಿದು, ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಮಲಗಿದ. ಕುಡಿದ ದಿನ ಬಯ್ಯಬೇಡಿ, ಬಿಟ್ಟೂ ಹೋಗಬೇಡಿ ಎಂದು ಜಾಜಿಯಾ ಹೇಳಿಕೊಟ್ಟಿದ್ದಳು. ತುಹಾಮಿ ಹೊಸ್ತಿಲ ಮೇಲೆ ಕುಳಿತು ಕಾಲುವೆಯ ಸುದ್ದಿ, ಪಾಕದ ಸುದ್ದಿ ಹೇಳುತ್ತಾ ಹೋದ. ಮೂರನೆಯ ದಿನ ಬಾಗಿಲು ತೆರೆಯಿತು. ಸಾಸಿ ತಾನಾಗಿಯೇ ಆಸ್ಪತ್ರೆಗೆ ಹೊರಟ.

ಸಾಸಿ ಕುಡಿತ ಬಿಟ್ಟು ಈಗ ಎರಡು ವರ್ಷ. ಅವನು ಕಾಲುವೆ ಕೆಲಸದವರ ಮೇಸ್ತ್ರಿ. ಕೆಲವು ಸಂಜೆ ಅವನ ಕಣ್ಣು ಪಟ್ಟಣದ ದಾರಿಯತ್ತ ಹೊರಳುವುದು ಅಣ್ಣನಿಗೆ ಕಾಣುತ್ತದೆ. ಆಗ ತುಹಾಮಿ ಹಿಂಗೋಡೆಯ ಚಹಾ ಒಲೆಯ ಬಳಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾನೆ. ತಮ್ಮ ಬಂದು, ಭುಜಕ್ಕೆ ಭುಜ ತಾಗುವಂತೆ ಕೂರುತ್ತಾನೆ.